ಕೂತ ಗುರುತು

ಆ ಮನೆಯ ಸೋಫಾ ಮೇಲೆ ಯಾರು ಕೂತರೂ ಮೊದಲು ಪರಪರ ಸದ್ದಾಗುತ್ತಿತ್ತು. ದಪ್ಪ ಪ್ಲಾಸ್ಟಿಕ್ ಕವರು ನೋಡಿ, ಅದರ ಗುಣವೇ ಹಾಗೆ. ಸೆಕೆಯಲ್ಲಿ ತೊಡೆಗೆ ಅಂಟುತ್ತಿತ್ತು, ಚಳಿಯಲ್ಲಿ ಕೂತವರ ಮೈ ಜುಂ ಅನ್ನುತ್ತಿತ್ತು. ಕವರಿನ ಮೇಲೊಂದು ಹಳೇ ಬೆಡ್‌ಶೀಟು, ಅದರ ಮೇಲೊಂದು ಟವೆಲ್ಲು. ಇಷ್ಟೆಲ್ಲದರ ಅಡಿಗೆ ಕಡುಹಸಿರು ಬಣ್ಣದ ಒಳ್ಳೇ ಬಟ್ಟೆ ಇದೆ ಅಂತ ಅಜ್ಜ ಹೇಳುತ್ತಿದ್ದ. ನಂಬಬೇಕಷ್ಟೇ, ಕಣ್ಣಾರೆ ಕಂಡವರು ಕಡಿಮೆ.

ಅಷ್ಟಕ್ಕೇ ಮುಗಿಯಲಿಲ್ಲ. ಊಟದ ಮೇಜಿನ ನಾಲ್ಕೂ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿತ್ತು. ಫ್ರಿಜ್ಜಿನ ಹಿಡಿಗೆ ಅಜ್ಜಿ ಹೆಣೆದ ಗವಸು. ಟೀವಿಯ ರಿಮೋಟು ಪ್ಲಾಸ್ಟಿಕ್ ಚೀಲದೊಳಗೆ ರಬ್ಬರ್ ಬ್ಯಾಂಡು ಸುತ್ತಿಕೊಂಡು ಉಸಿರು ಕಟ್ಟಿ ಮಲಗಿರುತ್ತಿತ್ತು. ಹಾಲಿಗೆ ಕಾಲಿಡುವವರು ಹೊಸ್ತಿಲ ಬಳಿ ಇಟ್ಟ ಎರಡು ಉಣ್ಣೆ ತುಂಡುಗಳ ಮೇಲೆ ಪಾದ ಇಟ್ಟು ಜಾರಿಕೊಂಡೇ ಹೋಗಬೇಕು. ಹೋದ ಹಾಗೂ ಆಯಿತು, ನೆಲ ಒರೆಸಿದ ಹಾಗೂ ಆಯಿತು. ಬೀದಿಯ ಮಕ್ಕಳು ‘ಕವರ್ ಅಜ್ಜ’ ಅಂತ ಹೆಸರಿಟ್ಟಿದ್ದರೆ ಅದರಲ್ಲಿ ತಪ್ಪೇನು, ನೀವೇ ಹೇಳಿ.

ಎಲ್ಲಕ್ಕಿಂತ ದೊಡ್ಡದು ಸರದಿ. ಸೋಫಾಕ್ಕೆ ಮೂರು ಸೀಟು. ಇವತ್ತು ಎಡಗಡೆ ಕೂತವರು ನಾಳೆ ನಡುವೆ, ನಾಡಿದ್ದು ಬಲಗಡೆ. ಯಾರೂ ಒಂದೇ ಜಾಗದಲ್ಲಿ ದಿನಾ ಕೂರುವಂತಿಲ್ಲ. ಮಂಚದ ಹಾಸಿಗೆಗೂ ಅದೇ ಕಾನೂನು. ಭಾನುವಾರ ಬಂತೆಂದರೆ ತಲೆದೆಸೆ ಕಾಲ್ದೆಸೆ ಆಗಬೇಕು, ಮೇಲಿನದು ಕೆಳಗಾಗಬೇಕು.

ಅಜ್ಜ ಸುಮ್ಮಸುಮ್ಮನೆ ಹೀಗಾದವನಲ್ಲ. ದುಡಿಯುವ ಕಾಲವೆಲ್ಲ ಸೋಫಾ ರಿಪೇರಿ ಮಾಡಿದವನು. ಊರವರ ಕುಸಿದ ಸೀಟು ಬಿಚ್ಚಿ, ಸತ್ತ ಸ್ಪ್ರಿಂಗು ಕಿತ್ತು, ಹೊಸ ಸ್ಪಾಂಜು ತುಂಬಿ ಹೊಲಿದವನು. ಸೀಟಿನ ತಗ್ಗು ನೋಡಿದರೆ ಸಾಕು, ಕೂತವರ ಜಾತಕ ಹೇಳುತ್ತಿದ್ದ. “ಇಲ್ಲಿ ಕೂರೋರು ಎಡಕ್ಕೆ ವಾಲ್ತಾರೆ, ಬಲಗಡೆ ಸೊಂಟ ನೋವಿರ್ಬೇಕು.” “ಇದು ಸಿಡುಕಿನ ಮನುಷ್ಯಂದು, ನೋಡಿ, ಕೈಹಿಡಿ ಹೆಂಗೆ ಕೆರೆದಿದಾನೆ.” ಹೀಗೆ ಊರವರ ತಗ್ಗು ತುಂಬಿ ತುಂಬಿ ಬೇಸತ್ತು, ತನ್ನ ಮನೆಯಲ್ಲಿ ಮಾತ್ರ ಒಂದು ತಗ್ಗೂ ಬೀಳಕೂಡದು ಅಂತ ಹಠ ಹಿಡಿದ. ಹಠ ಗೆದ್ದಿತು.

ಹಾಲಿನ ಮೂಲೆಯಲ್ಲಿ ಒಂದು ಒಂಟಿ ಕುರ್ಚಿ ಇತ್ತು. ಸೊಂಟದ ಮಟ್ಟಕ್ಕೆ ಬರುವ ಗಿಡ್ಡ ಬೆನ್ನು, ತಿರುವಿದ ಕಾಲು, ಸ್ಪ್ರಿಂಗಿನ ಸೀಟು. ಮದುವೆಯಾದ ಹೊಸತರಲ್ಲಿ ಅಜ್ಜ ಮರ ತಂದು ತನ್ನ ಕೈಯಾರೆ ಮಾಡಿದ್ದು. ಅದಕ್ಕೆ ಸರದಿಯೂ ಇಲ್ಲ, ಅದು ಬಂದವರಿಗೆ ಮೀಸಲು.

“ರೀ, ಬಂದೋರು ಎಲ್ಲಿದಾರೆ? ನಾನೇ ಒಂದ್ಸಲ ಕೂತ್ಕೋತೀನಿ,” ಅಂತ ಅಜ್ಜಿ ಒಮ್ಮೆ ಕೇಳಿದ್ದುಂಟು.

“ಬಂದೋರಿಗೆ ಇರ್ಲಿ ಬಿಡೇ,” ಅಂದಿದ್ದ ಅಜ್ಜ.

ಕೂತರೆ ಪರಪರ ಅನ್ನುವ ಮನೆಗೆ ಯಾರು ತಾನೇ ಬರುತ್ತಾರೆ? ಅಜ್ಜಿ ಮತ್ತೆ ಕೇಳಲಿಲ್ಲ. ಅವಳು ಜಗಳಗಂಟಿಯಲ್ಲ. ಮೇಜಿನ ಗೀರಿಗೆ ಟೀ ಸೊಪ್ಪಿನ ಕಷಾಯ ಸವರುವುದು, ನಲ್ಲಿಗೆ ನಿಂಬೆ ಹೋಳು ಉಜ್ಜುವುದು, ಕಿಟಕಿ ಗಾಜಿಗೆ ಹಳೇ ಪೇಪರು ತಿಕ್ಕುವುದು, ಎಲ್ಲ ಅವಳ ಪಾಲು. ಕಾನೂನು ಅಜ್ಜನದು, ಕೈ ಅಜ್ಜಿಯದು. ಒಂದೇ ಒಂದು ತಮಾಷೆ ಮಾತ್ರ ಆಗಾಗ ಬಿಡುತ್ತಿದ್ದಳು: “ನಾನು ಸತ್ತ್ಮೇಲೆ ನಂಗೂ ಒಂದು ಕವರ್ ಹಾಕ್ಸಿ ಮೂಲೇಲಿ ನಿಲ್ಸಿಬಿಡಿ. ಧೂಳು ಕೂರಲ್ಲ.”

ಆ ಅಜ್ಜಿ ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ಯಾಕೋ ಸುಸ್ತು ಅಂತ ಮತ್ತೆ ಮಲಗಿದಳು. ಅಷ್ಟೇ, ಏಳಲಿಲ್ಲ.

ಅಜ್ಜ ಅಳಲಿಲ್ಲ. ಅಳುವುದಕ್ಕೆ ಬಿಡುವು ಎಲ್ಲಿ? ಬಂದುಹೋದವರ ಕಾಲಿನ ಧೂಳು ಒರೆಸುವುದಿತ್ತು. ಅವಳ ಬಟ್ಟೆಬರೆ ಒಗೆಸಿ, ಇಸ್ತ್ರಿ ಮಾಡಿಸಿ, ಬೇಕಾದವರಿಗೆ ಕೊಡಿಸಿದ. “ಸುಮ್ನೆ ಇಟ್ರೆ ಹುಳ ಹಿಡಿಯತ್ತೆ,” ಅಂದ. ಚಪ್ಪಲಿ, ಬಾಚಣಿಗೆ, ಹಿತ್ತಲಲ್ಲಿ ಬೋರಲು ಬಿದ್ದಿದ್ದ ತುಕ್ಕು ಹಿಡಿದ ಪೇಂಟ್ ಡಬ್ಬ, ಎಲ್ಲವನ್ನೂ ಗುಜರಿಯವನಿಗೆ ಹಾಕಿದ. ಆ ವಾರವೇ ಮನೆ ಕನ್ನಡಿಯಂತಾಯಿತು.

*

ಅಜ್ಜ ಒಬ್ಬನೇ ಆದ ಅಂತ ಮುಂದಿನ ವಾರ ಮಗನ ಸಂಸಾರ ಬಂದು ಸೇರಿಕೊಂಡಿತು. ಅವರು ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿದ್ದವರು. ಮಗ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲಕ್ಕೆ ಕೆಳಕ್ಕೆ ಸಾಗಿಸುವವನು, ಮನೆಯಲ್ಲಿ ಮಾತ್ರ ಎರಡು ಮಹಡಿ ನಡುವೆ ಸಿಕ್ಕಿಹಾಕಿಕೊಂಡವನು. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ದುಡಿಯುವವಳು. ಮೊಮ್ಮಗಳನ್ನು ಸಣ್ಣಗಿದ್ದಾಳೆ ಅಂತ ಎಲ್ಲರೂ ಕರೆಯುವುದು ಕಡ್ಡಿ ಅಂತ. ಅವಳಿಗೆ ಮನೆ ಹೊಸದಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಬರುವ ತನಕ ಅಜ್ಜಿಯ ಬಳಿಯೇ ಇರುತ್ತಿದ್ದಳು.

ಬಂದ ಮರುದಿನ ಸಂಜೆ ಸೊಸೆ ಕೆಲಸದಿಂದ ಬಂದವಳೇ ಸೋಫಾದ ಎಡ ಸೀಟಿನಲ್ಲಿ ದೊಪ್ಪನೆ ಕುಸಿದಳು. ಪರಪರ ಅಂದಿತು.

“ಇವತ್ತು ನಿಂದು ನಡೂದು ಕಣಮ್ಮ,” ಅಂದ ಅಜ್ಜ.

“ಏನು ನಡೂದು ಮಾವ?”

“ಸೀಟು. ನಿನ್ನೆ ಎಡಗಡೆ ಕೂತಿದ್ಯಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ. ಅವಳು ಎದ್ದು ನಡುವಿನ ಸೀಟಿಗೆ ಸರಿದಳು. “ಬಸ್ಸಲ್ಲೂ ಇಷ್ಟು ಕಾಟ ಇಲ್ಲಪ್ಪ,” ಅಂತ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಕಡ್ಡಿ ಕಿಸಕ್ಕನೆ ನಕ್ಕಳು. ಅಜ್ಜ ನಗಲಿಲ್ಲ.

ಆದರೂ ಮೊದಮೊದಲು ಹೇಗೋ ಸಾಗಿತು. ಸೊಸೆ ಅನ್ನ, ತರಕಾರಿ ಬೇಯಿಸಿಟ್ಟು ಅಂಗಡಿಗೆ ಓಡುತ್ತಿದ್ದಳು. ಅಜ್ಜ ಲೋಟದ ಅಡಿಗೆ ರಟ್ಟಿನ ತುಂಡು ಇಡುತ್ತಿದ್ದ. ಅವಳು ಮರೆತು ಲೋಟವನ್ನು ಮೇಜಿನ ಮೇಲೇ ಇಟ್ಟರೆ ಎತ್ತಿ ರಟ್ಟಿನ ಮೇಲೆ ಇಡುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಅವಳಿಗೆ ಅನ್ನಿಸುತ್ತಿತ್ತು.

*

ಆಮೇಲೆ ಒಂದು ಭಾನುವಾರ ಅಜ್ಜ ಎಂದಿನಂತೆ ಹಾಸಿಗೆ ಮಗುಚಲು ಹೋದ. ಅಜ್ಜಿ ಇದ್ದಾಗ ಒಂದು ತುದಿ ಅವಳು, ಒಂದು ತುದಿ ಅವನು. ಈಗ ಒಬ್ಬನೇ ಎತ್ತಿ, ಗೋಡೆಗೆ ಒರಗಿಸಿ, ಏದುಸಿರು ಬಿಡುತ್ತ ನಿಂತ. ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಓರೆಯಾಗಿ ಬಿದ್ದಿತ್ತು. ಹಾಸಿಗೆ ಹಲಗೆಯಂತೆ ಸಪಾಟಾಗಿತ್ತು. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ.

ಅವನು ಅವಳು ಮಲಗುತ್ತಿದ್ದ ಕಡೆ ಕೈಯಾಡಿಸಿದ. ಆದರೆ ಯಾವ ಕಡೆ? ಪ್ರತಿ ವಾರ ತಿರುಗಿಸಿದ ಹಾಸಿಗೆಗೆ ಅವಳ ಕಡೆ ಅಂತ ಒಂದಿರುತ್ತದೆಯೇ? ಮೇಲೆ, ಕೆಳಗೆ, ಅಂಚು, ನಡು, ಎಲ್ಲ ಮುಟ್ಟಿ ನೋಡಿದ. ಊರವರ ತಗ್ಗು ನೋಡಿ ಜಾತಕ ಹೇಳಿದ ಕೈಗೆ ತನ್ನ ಹೆಂಡತಿ ಸಿಗಲಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಬದುಕಿದವಳು ಎಲ್ಲಿ ಹೋದಳು?

ಗೋಡೆಯ ಮೇಲೆ ಅವಳ ಫೋಟೋ ಇತ್ತು, ಇಲ್ಲ ಅಂತಲ್ಲ. ಆದರೆ ಫೋಟೋದಲ್ಲಿ ಭಾರ ಇರುವುದಿಲ್ಲ. ಅವನಿಗೆ ಬೇಕಾಗಿದ್ದು ಅವಳು ಕೂತ, ಮಲಗಿದ, ಒರಗಿದ ಒಂದು ಗುರುತು. ಒಂದೇ ಒಂದು ತಗ್ಗು. ಅದರಲ್ಲಿ ಕೈಯಿಟ್ಟು, ಇಲ್ಲಿದ್ದಳು ಅನ್ನಬೇಕಾಗಿತ್ತು. ಇದನ್ನು ಯಾರಿಗೆ ಹೇಳುವುದು? ಜನ್ಮವೆಲ್ಲ ತಗ್ಗು ಬೀಳದ ಹಾಗೆ ಕಾದ ಮನುಷ್ಯ ಈಗ ತಗ್ಗು ಬೇಕು ಅಂದರೆ ನಗುವುದಿಲ್ಲವೇ?

ಅವತ್ತಿನಿಂದ ಅಜ್ಜ ಹುಡುಕತೊಡಗಿದ. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಸೋಫಾದ ಟವೆಲ್ಲು, ಬೆಡ್‌ಶೀಟು ಎತ್ತಿ ಕವರಿನ ಮೇಲೆ ಅಂಗೈ ಸವರುವನು. ಟಾರ್ಚು ಹಿಡಿದು ಗೋಡೆ ನೋಡುವನು. ಬಾಗಿಲ ಚೌಕಟ್ಟನ್ನು ಬೆರಳಲ್ಲಿ ತಡವುವನು. ಯಾರಾದರೂ ಸೋಫಾದಿಂದ ಎದ್ದರೆ ಸಾಕು, ಆ ಸೀಟು ಎಷ್ಟು ಹೊತ್ತು ತಗ್ಗು ಹಿಡಿದಿರುತ್ತದೆ ಅಂತ ಬಗ್ಗಿ ಮುಟ್ಟುವನು. ಒಳ್ಳೇ ಸ್ಪಾಂಜು. ಅವನೇ ಆರಿಸಿ ತಂದದ್ದು. ಎದ್ದ ತಕ್ಷಣ ಉಬ್ಬಿಕೊಳ್ಳುತ್ತಿತ್ತು.

ಸೊಸೆಯ ಕಣ್ಣಿಗೆ ಅದು ಹೇಗೆ ಕಂಡಿರಬೇಡ! ಅವಳು ಎದ್ದ ಕೂಡಲೇ ಮಾವ ಬಂದು ಸೀಟು ಸವರುವುದು. ಅವಳು ಒರಗಿದ್ದ ಗೋಡೆಗೆ ಟಾರ್ಚು ಬಿಡುವುದು. ಕೊಳೆ ಹುಡುಕುತ್ತಿದ್ದಾನೆ ಮುದುಕ ಅಂತ ತಿಳಿದಳು. ತಿಳಿಯದೆ ಇನ್ನೇನು?

*

ಒಂದು ರಾತ್ರಿ ತಡೆಯದೆ ಸ್ಫೋಟವಾಯಿತು. ಎಲ್ಲರೂ ಊಟಕ್ಕೆ ಕೂತಿದ್ದರು. ಸೊಸೆ ನೀರು ತರಲು ಎದ್ದಳು. ಅಜ್ಜ ಅಭ್ಯಾಸಬಲದಿಂದ ಅವಳ ಕುರ್ಚಿಯ ದಿಂಬಿನ ಮೇಲೆ ಕೈ ಇಟ್ಟ.

“ಏನು ಮಾವ ಅದು?” ಅಂದಳು ಅವಳು, ನೀರಿನ ಜಗ್ಗು ಕೈಯಲ್ಲಿ ಹಿಡಿದೇ. “ನಾವೇನು ಮೈಗೆ ಕೆಸರು ಮೆತ್ಕೊಂಡು ಬರ್ತೀವಾ? ಎದ್ದ ತಕ್ಷಣ ಬಂದು ಸವರ್ತೀರಲ್ಲ!”

“ನಾನೇನೂ ಅಂದಿಲ್ವಲ್ಲಮ್ಮ.”

“ಅನ್ನೋದೇ ವಾಸಿ! ಬಾಯಲ್ಲಿ ಅಂದ್ರೆ ನಾನೂ ಒಂದು ಅಂತೀನಿ. ನೀವು ಕೈಯಲ್ಲಿ ಅಂತೀರಿ.”

“ಲೇ, ನಿಧಾನ,” ಅಂದ ಮಗ.

“ನೀವು ಸುಮ್ನಿರ್ರೀ. ದಿನಾ ನಿಂತು ನಿಂತು ಕಾಲು ಬಾತು ಹೋಗಿರತ್ತೆ. ಮನೆಗೆ ಬಂದ್ರೆ ಸರದಿ ನೋಡಿ ಕೂರ್ಬೇಕು. ಕೂತ್ಮೇಲೆ ಪರೀಕ್ಷೆ. ಇದು ಮನೆಯೋ ಅಂಗಡೀನೋ?”

“ಅಪ್ಪ, ಅವಳು ಹೇಳೋದ್ರಲ್ಲೂ ಸ್ವಲ್ಪ…” ಅಂತ ಮಗ ಶುರುಮಾಡಿ, ಹೆಂಡತಿಯ ಕಡೆ ತಿರುಗಿ, “ಅಪ್ಪನಿಗೂ ವಯಸ್ಸಾಯ್ತು…” ಅಂತ ಮುಗಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥವರ ಮಾತಿಗೆ ಹಾವೂ ಹೆದರುವುದಿಲ್ಲ.

ಅಜ್ಜನ ಬಾಯಿಗೆ ಮಾತು ಬಂದಿತ್ತು. ಕೊಳೆ ಅಲ್ಲಮ್ಮ ನಾನು ಹುಡುಕ್ತಿರೋದು ಅನ್ನಬೇಕಾಗಿತ್ತು. ಆದರೆ ಬಾಯಿಂದ ಹೊರಟದ್ದೇ ಬೇರೆ: “ಜಗ್ಗಿಂದ ನೀರು ತೊಟ್ಟಿಕ್ತಿದೆ. ಮೇಜು.”

ಸೊಸೆ ಜಗ್ಗನ್ನು ಕುಕ್ಕಿದಳು, ರಟ್ಟಿನ ಮೇಲಲ್ಲ. “ನಾನು ಬೇರೆ ಮನೆ ನೋಡ್ತೀನಿ,” ಅಂದಳು. “ನೀವೂ ನಿಮ್ಮ ಮೇಜೂ ಆರಾಮಾಗಿರಿ.”

ಕಡ್ಡಿ ತಟ್ಟೆಯ ಆಲೂಗಡ್ಡೆಯನ್ನು ಕಣ್ಣೆತ್ತದೆ ಚೂರು ಚೂರು ಮಾಡುತ್ತಿದ್ದಳು. ಅವತ್ತು ಯಾರಿಗೂ ಊಟ ಸೇರಲಿಲ್ಲ.

ಸೊಸೆ ಬರೀ ಬಾಯಿಮಾತಿಗೆ ಅಂದವಳಲ್ಲ. ಮರುದಿನದಿಂದ ಮನೆ ತೋರಿಸುವ ದಲ್ಲಾಳಿಯ ಫೋನು ಬರತೊಡಗಿತು. ಫೋನು ಬಂದರೆ ಅವಳು ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. “ಎರಡು ರೂಮು ಸಾಕು… ಇಲ್ಲ, ನಾವು ಮೂರೇ ಜನ.” ಮೂರೇ ಜನ ಅನ್ನುವುದು ಹಾಲಿನ ತನಕ ಕೇಳಿಸುತ್ತಿತ್ತು. ಅಜ್ಜ ಉಣ್ಣೆ ತುಂಡಿನ ಮೇಲೆ ಜಾರುತ್ತ ಹಾಲಿನ ಆ ಗೋಡೆಯಿಂದ ಈ ಗೋಡೆಗೆ ಹೋಗುತ್ತಿದ್ದ, ಬರುತ್ತಿದ್ದ.

*

ಹಿತ್ತಲು ಅಂದರೆ ದೊಡ್ಡದೇನಲ್ಲ. ಪಾತ್ರೆ ತೊಳೆಯುವ ಕಟ್ಟೆ, ಒಂದು ನಲ್ಲಿ, ಬಟ್ಟೆ ಒಣಗಿಸುವ ಹಗ್ಗ, ಸುಣ್ಣದ ಗೋಡೆ. ಅದು ಅಜ್ಜಿಯ ರಾಜ್ಯ. ಅಜ್ಜ ಅತ್ತ ಸುಳಿದವನೇ ಅಲ್ಲ. ಮಧ್ಯಾಹ್ನ ಉಂಡು ಅವನು ನಿದ್ದೆ ಮಾಡುತ್ತಿದ್ದ, ಅವಳು ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಳು. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಅವಳು ಸತ್ತಾಗ ಗುಜರಿಯವನೇ ಒಳಗೆ ಬಂದು ಅಲ್ಲಿದ್ದ ಡಬ್ಬ ಎತ್ತಿಕೊಂಡು ಹೋಗಿದ್ದ.

ಒಳಗೆಲ್ಲ ಹುಡುಕಿ ಸೋತ ಅಜ್ಜ ಒಂದು ಬೆಳಿಗ್ಗೆ, ಮನೆಯಲ್ಲಿ ಯಾರೂ ಇಲ್ಲದಾಗ, ಹಿತ್ತಲಿಗೂ ಬಂದ. ಕಟ್ಟೆಯ ಕಲ್ಲು ಮುಟ್ಟಿ ನೋಡಿದ. ಕಲ್ಲು ಕಲ್ಲೇ. ತಿರುಗಿದರೆ ಎದುರಿಗೆ ಗೋಡೆಯ ಮೇಲೆ ಒಂದು ಕಲೆ. ತಟ್ಟೆಯಷ್ಟು ಅಗಲ, ಎಣ್ಣೆ ಜಿಡ್ಡು, ಕಂದು ಬಣ್ಣ, ನಡುವೆ ಕಪ್ಪಾಗಿ ಹೊಳೆಯುತ್ತಿತ್ತು.

ಅವನ ರಕ್ತ ನೆತ್ತಿಗೇರಿತು. “ಫೋನಲ್ಲಿ ಮಾತಾಡ್ತಾ ತಲೆ ಒರಗ್ಸಿದಾಳೆ ಮಹಾರಾಯ್ತಿ,” ಅಂತ ಗೊಣಗಿದ. ಬಂದು ಕೆಲವೇ ವಾರಕ್ಕೆ ಇಷ್ಟು ದೊಡ್ಡ ಕಲೆ ಹೇಗಾದೀತು ಅಂತ ಯೋಚಿಸುವ ಮನುಷ್ಯನಾಗಿದ್ದರೆ ಒಂದು ನಿಮಿಷ ನಿಂತು ನೋಡುತ್ತಿದ್ದ. ಆದರೆ ಅವನ ಕಣ್ಣಿಗೆ ಕಲೆ ಅಂದರೆ ಕಲೆ. ಕಂಡರೆ ಸಾಕು, ಕೈ ತಾನೇ ಓಡುತ್ತಿತ್ತು.

ಅಡುಗೆ ಸೋಡಾ, ಸೋಪಿನ ಪುಡಿ, ಸ್ವಲ್ಪ ಹಲ್ಲುಜ್ಜುವ ಪೇಸ್ಟು ಬಿಸಿನೀರಲ್ಲಿ ಕಲಸಿದ. ಇದು ಅವನ ಬ್ರಹ್ಮಾಸ್ತ್ರ. ಬಟ್ಟೆಗೆ ಹಚ್ಚಿಕೊಂಡು ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಕಲೆ ಹಳೆಯದು, ಸುಣ್ಣದೊಳಗೆ ಇಳಿದಿತ್ತು. ಆದರೆ ಬಿಡುವವನು ಇವನಲ್ಲ. ಭುಜ ನೋಯಿತು, ಬೆರಳ ಸಿಪ್ಪೆ ಕಿತ್ತಿತು. ಊಟದ ಹೊತ್ತು ಮೀರುವಷ್ಟರಲ್ಲಿ ಕಲೆ ಪೂರ್ತಿ ಹೋಗಿ, ಮಾಸಿದ ಗೋಡೆಯ ಮೇಲೆ ಆ ಜಾಗ ಮಾತ್ರ ದುಂಡಗೆ, ಬೆಳ್ಳಗೆ ಉಳಿಯಿತು. ಅಜ್ಜನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ತಣ್ಣಗಿನ ಅನ್ನವನ್ನೇ ಬಡಿಸಿಕೊಂಡು ಗಬಗಬ ತಿಂದ.

ಸಂಜೆ ಎಲ್ಲರೂ ಮೇಜಿನ ಸುತ್ತ ಟೀ ಕುಡಿಯುತ್ತಿದ್ದಾಗ ಗೆದ್ದವನ ಗತ್ತಿನಲ್ಲಿ ಕೇಳಿದ: “ಹಿತ್ತಲ ಗೋಡೆಗೆ ಎಣ್ಣೆ ತಲೆ ಒರಗ್ಸಿದ್ದು ಯಾರು?”

ಮಗ ತನ್ನ ಲೋಟವನ್ನು ರಟ್ಟಿನ ನಡುವಿಗೆ ಸರಿಸಿದ.

“ಬೆಳಗಿಂದ ತಿಕ್ಕಿ ತೆಗೆದಿದೀನಿ. ಇನ್ಮೇಲೆ ಫೋನಲ್ಲಿ ಮಾತಾಡೋರು ನೆಟ್ಟಗೆ ನಿಂತ್ಕೊಂಡು ಮಾತಾಡ್ಲಿ.”

“ನಂಗೆ ಹೇಳ್ತಿದೀರಾ?” ಅಂದಳು ಸೊಸೆ. ಕೂಗಾಡುವಷ್ಟು ಆಸಕ್ತಿಯೂ ಅವಳಿಗೆ ಉಳಿದಿರಲಿಲ್ಲ. “ನಾನು ತಲೆಗೆ ಎಣ್ಣೆ ಹಾಕಿ ವರ್ಷಗಳಾಯ್ತು ಮಾವ.”

“ಮತ್ತೆ ಗೋಡೆ ತಾನೇ ಹಾಕ್ಕೊಳ್ತಾ?”

“ಅದು ಅಜ್ಜಿದು,” ಅಂದಳು ಕಡ್ಡಿ.

ಅಜ್ಜ ಅವಳ ಕಡೆ ತಿರುಗಿದ.

“ಅಜ್ಜಿ ತಲೆದು. ಅಜ್ಜಿ ಅಲ್ಲೇ ಕೂರ್ತಿದ್ದಿದ್ದು. ನೀನು ಮಲಗಿದ್ಮೇಲೆ ಪೇಂಟ್ ಡಬ್ಬ ಬೋರಲು ಹಾಕ್ಕೊಂಡು ಗೋಡೆಗೆ ಒರಗಿ ಕೂರೋಳು. ನಾನು ಶಾಲೆಯಿಂದ ಬಂದ್ರೆ ಅಲ್ಲೇ ತಲೆ ಬಾಚೋಳು. ದಿನಾ.” ಕಡ್ಡಿ ಎದ್ದು ನಿಂತಳು. “ನೀನು ಅದನ್ನ ಯಾಕೆ ಒರೆಸ್ದೆ ಅಜ್ಜ?”

“ದಿನಾನಾ?”

“ದಿನಾ. ಒಳಗೆ ಕೂತ್ಕೋ ಅಜ್ಜಿ, ಸೋಫಾ ಇದ್ಯಲ್ಲ ಅಂದ್ರೆ, ‘ಇಲ್ಲಿ ಯಾರೂ ಸರದಿ ಕೇಳಲ್ಲ ಕಣೇ’ ಅನ್ನೋಳು.”

ಅಜ್ಜ ಟೀ ಲೋಟ ಕೆಳಗಿಟ್ಟ. ರಟ್ಟಿನ ಮೇಲೆ ಇಡುವುದನ್ನು ಮರೆತ. ಅವನು ಮರೆತದ್ದನ್ನು ಮೂವರೂ ನೋಡಿದರು.

“ನಾನು ಅದನ್ನೇ ಹುಡುಕ್ತಿದ್ದೆ,” ಅಂದ.

“ಏನನ್ನ ಅಪ್ಪ?”

“ಅವಳು ಕೂತ ಗುರುತು. ಎಲ್ಲಾ ಕಡೆ ಹುಡುಕ್ದೆ. ಸೀಟು ಸವರ್ತಿದ್ದಿದ್ದು ಅದಕ್ಕೇ ಕಣಮ್ಮ.” ಅವನು ಸೊಸೆಯ ಕಡೆ ನೋಡಲಿಲ್ಲ, ತನ್ನ ಸಿಪ್ಪೆ ಎದ್ದ ಬೆರಳು ನೋಡಿಕೊಂಡ. “ಸಿಕ್ಕಿತ್ತು. ಕೈಯಾರೆ ಉಜ್ಜಿ ಹಾಕ್ದೆ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಬುದ್ಧಿ ಬಂದು ಏನು ಮಾಡುವುದು? ಸೊಸೆಗೆ ಏನಾದರೂ ಹೇಳಬೇಕು ಅನ್ನಿಸಿತು. ಔಷಧಿ ಅಂಗಡಿಯವಳು, ನೋವಿಗೆಲ್ಲ ಒಂದು ಮಾತ್ರೆಯ ಹೆಸರು ಗೊತ್ತಿದ್ದವಳು, ಅವತ್ತು ಮಾವನ ಲೋಟಕ್ಕೆ ಇನ್ನಷ್ಟು ಬಿಸಿ ಟೀ ಬಗ್ಗಿಸಿದಳು. ಮೇಜಿನ ಮೇಲೆ ಬಿಸಿ ಲೋಟದ ಅಡಿಯಲ್ಲಿ ಬಿಳಿ ಬಳೆಯಂಥ ಗುರುತು ಮೂಡಿತು. ಯಾರೂ ಒರೆಸಲಿಲ್ಲ.

*

ಅದಾದ ಮೇಲೆ ಮನೆಯಲ್ಲಿ ಜಗಳ ನಿಂತಿತು. ಜಗಳ ನಿಂತ ಮನೆ ಇನ್ನಷ್ಟು ಖಾಲಿ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಸೋಫಾದ ಕವರು ಇಲ್ಲ. ಅಜ್ಜ ಅದನ್ನು ತನ್ನ ಹಳೇ ಕತ್ತರಿಯಿಂದ ಉದ್ದಕ್ಕೆ ಸೀಳಿ, ಮಡಿಸಿ, ಗೇಟಿನ ಬಳಿ ಇಟ್ಟಿದ್ದ. ಹಾಲಿನಲ್ಲಿ ಕಡುಹಸಿರು ಸೋಫಾ ಹೊಸ ಮದುಮಗಳಂತೆ ಕೂತಿತ್ತು. ನಿಜಕ್ಕೂ ಒಳ್ಳೇ ಬಟ್ಟೆ, ಅಜ್ಜ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಯಾರಿಗೂ ಅದರ ಮೇಲೆ ಕೂರಲು ಮನಸ್ಸು ಬರಲಿಲ್ಲ. ಮಗ ಕೂರಲು ಹೋಗಿ ತನ್ನ ಪ್ಯಾಂಟು ನೋಡಿಕೊಂಡ, ಕೊನೆಗೆ ನೆಲದ ಮೇಲೆ ಕೂತು ಟೀವಿ ಹಾಕಿದ. ಕಡ್ಡಿ ಅವನ ಪಕ್ಕ ಕೂತಳು.

“ಕೂತ್ಕೊಳ್ರೋ. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ,” ಅಂದ ಅಜ್ಜ.

“ಇಲ್ಲೇ ಆರಾಮಾಗಿದೆ ಅಪ್ಪ.”

ಅಜ್ಜ ಖಾಲಿ ಸೀಟಿನ ಮೇಲೆ ಒಮ್ಮೆ ಅಂಗೈ ಸವರಿದ. ಆಮೇಲೆ ಹಿತ್ತಲಿಗೆ ಹೋದ.

ಮಧ್ಯಾಹ್ನದ ನಿದ್ದೆ ಬಿಟ್ಟ. ಉಂಡವನೇ ಹೋಗಿ ಆ ಬೆಳ್ಳನೆಯ ಜಾಗದ ಎದುರು ನಿಲ್ಲುವನು. ಕೂರಲು ಏನೂ ಇರಲಿಲ್ಲ, ಡಬ್ಬವನ್ನು ತಾನೇ ಗುಜರಿಗೆ ಹಾಕಿದ್ದನಲ್ಲ. ಎಣ್ಣೆ ಬಾಟಲಿ ತಂದು ಅಂಗೈಗೆ ಸುರಿದುಕೊಂಡು ಗೋಡೆಗೆ ಹಚ್ಚಲೇ ಅಂತಲೂ ಒಂದು ಸಲ ಯೋಚಿಸಿದ. ಥೂ, ಅದು ತನ್ನ ಕೈಯ ಕಲೆ ಆದೀತೇ ಹೊರತು ಅವಳ ತಲೆಯದಾಗುತ್ತದೆಯೇ ಅಂತ ಬಾಟಲಿ ವಾಪಸ್ಸಿಟ್ಟ.

ಸೊಸೆ ಒಂದು ದಿನ ಬೇಗ ಬಂದವಳು ಅಡುಗೆಮನೆ ಕಿಟಕಿಯಿಂದ ಅವನನ್ನು ನೋಡಿದಳು. ಹಣೆಯನ್ನು ಗೋಡೆಯ ಹತ್ತಿರ ತಂದು ನಿಂತಿದ್ದ. ಅವನ ಹಣೆ ಎಲ್ಲೋ ಮೇಲಿತ್ತು, ಬೆಳ್ಳನೆಯ ಜಾಗ ಅವನ ಸೊಂಟದ ಬಳಿ ಇತ್ತು. ಅವಳು ಟೀ ಮಾಡಿ ಕಟ್ಟೆಯ ಮೇಲಿಟ್ಟು ಬಂದಳು. ಆಮೇಲೆ ನೋಡಿದರೆ ಟೀ ಆರಿ ಕೆನೆ ಕಟ್ಟಿತ್ತು.

“ದಲ್ಲಾಳಿ ಫೋನ್ ಮಾಡಿದ್ದ,” ಅಂದಳು ಗಂಡನ ಬಳಿ. “ಮನೆ ಒಂದು ಚೆನ್ನಾಗಿದ್ಯಂತೆ.”

“ಹೋಗಿ ನೋಡೋಣ್ವಾ?”

“ಗೊತ್ತಿಲ್ಲ ಕಣ್ರೀ. ನಾವು ಇದ್ರೂ ಅವರು ಒಬ್ರೇ, ಹೋದ್ರೂ ಒಬ್ರೇ.”

*

ಅಂಗಡಿಗೆ ರಜೆಯ ದಿನ. ಹಿತ್ತಲಿಂದ ಗರಗರ ಸದ್ದು ಬಂತು. ಸೊಸೆ ಕೈಯ ಈರುಳ್ಳಿ ಬಿಟ್ಟು ಓಡಿದಳು. ಮಗ ಕೆಲಸಕ್ಕೆ ಹೋಗಿದ್ದ. ಕಡ್ಡಿ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

ಹಾಲಿನ ಮೂಲೆಯ ಒಂಟಿ ಕುರ್ಚಿ, ಬಂದವರಿಗೆ ಮೀಸಲಾಗಿದ್ದದ್ದು, ಹಿತ್ತಲ ನೆಲದ ಮೇಲೆ ಕಾಲು ಮೇಲಾಗಿ ಬಿದ್ದಿತ್ತು. ಅದರ ಕಾಲಿಗೂ ತೊಡಿಸಿದ್ದ ಕಾಲುಚೀಲಗಳು ಹಗ್ಗದ ಮೇಲೆ ನೇತಾಡುತ್ತಿದ್ದವು. ಅಜ್ಜ ಗರಗಸ ಹಿಡಿದು ಕುರ್ಚಿಯ ಕಾಲು ಕೊಯ್ಯುತ್ತಿದ್ದ. ಎಷ್ಟೋ ವರ್ಷ ಒಂದು ಗೀರು ಕಾಣದ, ತಿರುವಿ ಮಾಡಿದ ಕಾಲು. ಬಿಳಿ ಪುಡಿ ನೆಲದ ಮೇಲೆ ಉದುರುತ್ತಿತ್ತು, ಅವನು ಅದನ್ನು ಗುಡಿಸುವ ಗೋಜಿಗೆ ಹೋಗಿರಲಿಲ್ಲ.

“ಅಯ್ಯೋ ಮಾವ! ಏನು ಮಾಡ್ತಿದೀರಾ?”

“ಎತ್ತರ ಹೆಚ್ಚಾಯ್ತಮ್ಮ,” ಅಂದ ಅಜ್ಜ, ತಲೆ ಎತ್ತದೆ. “ಇದರ ಮೇಲೆ ಕೂತ್ರೆ ನನ್ನ ತಲೆ ಎಲ್ಲೋ ಮೇಲೆ ಬರತ್ತೆ. ಅವಳದು ಕೆಳಗಿತ್ತು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳ್ಳನೆಯ ದುಂಡು ಜಾಗ ನೋಡಿದಳು, ಕುರ್ಚಿ ನೋಡಿದಳು, ಗರಗಸ ಹಿಡಿದ ಮುದಿಗೈ ನೋಡಿದಳು. ಅಷ್ಟರಲ್ಲಿ ನಾಲ್ಕನೆಯ ಕಾಲಿನ ತುಂಡೂ ಟಕ್ ಅಂತ ಬಿತ್ತು. ಅಜ್ಜ ಕುರ್ಚಿಯನ್ನು ನೆಟ್ಟಗೆ ಮಾಡಿ, ಗೋಡೆಗೆ ತಾಗಿಸಿ, ಅದರ ಮೇಲೆ ಮೆಲ್ಲಗೆ ಇಳಿದು ಕೂತ. ಮಂಡಿ ಎದೆಯ ಮಟ್ಟಕ್ಕೆ ಬಂದಿತ್ತು. ಬೇರೆ ದಿನವಾಗಿದ್ದರೆ ಕಡ್ಡಿ ಬಿದ್ದು ಬಿದ್ದು ನಗುತ್ತಿದ್ದಳು. ಅವನು ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದ.

“ಈಗ ನೋಡೇ ಕಡ್ಡಿ. ಸರಿಯಾಯ್ತಾ?”

ಕಡ್ಡಿ ಎದ್ದು ಹತ್ತಿರ ಬಂದಳು. ಅವನ ತಲೆಯ ಹಿಂದೆ ಗೋಡೆಗೆ ಬೆರಳಿಟ್ಟು ಅಳೆದಳು. ಸುಳ್ಳು ಹೇಳೋಣ ಅಂತ ಒಂದು ಕ್ಷಣ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು.

“ಇಲ್ಲ ಅಜ್ಜ,” ಅಂದಳು. “ಇನ್ನೂ ಎರಡು ಬೆರಳು ಕೆಳಗೆ.”

“ಎರಡು ಬೆರಳಾ?”

“ಹೂಂ.”

ಅಜ್ಜ ಗೋಡೆ ಹಿಡಿದುಕೊಂಡು ಎದ್ದ. ಕುರ್ಚಿಯನ್ನು ಮತ್ತೆ ಬೋರಲು ಹಾಕಿ ಗರಗಸ ಎತ್ತಿಕೊಂಡ. ಸೊಸೆ ಈರುಳ್ಳಿಯ ಕೈಯನ್ನು ಬಟ್ಟೆಗೇ ಒರೆಸಿಕೊಂಡು ಅವನ ಎದುರು ನೆಲದ ಮೇಲೆ ಕೂತಳು.

“ಕೈ ಕೊಯ್ಕೋತೀರಾ ಮಾವ, ತಡೀರಿ,” ಅಂದಳು. “ನಾನು ಹಿಡ್ಕೋತೀನಿ.”

ಅವಳು ಕುರ್ಚಿಯ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅಜ್ಜ ಕೊಯ್ಯತೊಡಗಿದ.